ಟ್ಯೂನಿಸ್‌ನಲ್ಲಿ ಬೆಳಗ್ಗೆ ಬೀಚ್, ಮಧ್ಯಾಹ್ನ ಕಾರ್ತೇಜ್: ಈ ಪ್ಲಾನ್ ಬೇಡವೇ ಬೇಡ

ಜುಲೈನಲ್ಲಿ ಅಪ್ಪ ಅಮ್ಮನನ್ನು ಟ್ಯುನೀಷಿಯಾದ ರಾಜಧಾನಿ ಟ್ಯೂನಿಸ್‌ಗೆ ಕರೆದುಕೊಂಡು ಹೋಗುತ್ತಿದ್ದೇವೆ, ಬೆಳಗ್ಗೆ ಬೀಚ್, ಊಟ ಆದ ಮೇಲೆ ಪಕ್ಕದ ಪುರಾತನ ನಗರ ಕಾರ್ತೇಜ್, ಅರ್ಧ ದಿನ ಸಾಕಾ ಅಂತ ಕೇಳಿದ್ದೀರಿ. ಇಲ್ಲದಿದ್ದರೆ ಹಮ್ಮಾಮೆತ್ ಅನ್ನುವ ಕಡಲತೀರದ ಊರಿನ ರೆಸಾರ್ಟಿನಲ್ಲೇ ಉಳಿದು ಒಂದು ದಿನ ಬಂದು ಹೋದರೆ ಹೇಗೆ ಅಂತಲೂ ಕೇಳಿದ್ದೀರಿ. ನಾನೂ ಇದೇ ಪ್ಲಾನ್ ಹಾಕಿದ್ದೆ. ಅಪ್ಪ ಅಮ್ಮನ ಜೊತೆಗೇ, ಜುಲೈನಲ್ಲೇ.

ನಮ್ಮಪ್ಪ ಡಿಗ್ರಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತರಾದವರು. ರೋಮ್ ವಿರುದ್ಧ ಹೋರಾಡಿದ ಕಾರ್ತೇಜ್‌ನ ಸೇನಾಪತಿ ಹ್ಯಾನಿಬಲ್ ಅಂದರೆ ಅವರಿಗೆ ಪ್ರಾಣ. ಕಾರ್ತೇಜ್‌ನಲ್ಲಿ ದುಂಡಗಿನ ಯುದ್ಧಬಂದರು ಒಂದಿತ್ತು, ಅದರಲ್ಲಿ 220 ಹಡಗು ನಿಲ್ಲಿಸುವಷ್ಟು ಜಾಗ ಇತ್ತು ಅಂತ ಅಪ್ಪಿಯನ್ ಎಂಬ ಗ್ರೀಕ್ ಇತಿಹಾಸಕಾರ ಬರೆದಿದ್ದಾನೆ. ಅಪ್ಪ ಆ ಬಂದರಿನ ನಕ್ಷೆಯನ್ನು ಬೋರ್ಡಿನ ಮೇಲೆ ಬರೆದು ಪಾಠ ಮಾಡುತ್ತಿದ್ದರು. ಅವರ ಹಳೇ ವಿದ್ಯಾರ್ಥಿಗಳು ಸಿಕ್ಕರೆ ಈಗಲೂ ಅದನ್ನೇ ನೆನೆಯುತ್ತಾರೆ. ಟ್ಯೂನಿಸ್‌ಗೆ ಹೋಗೋಣ ಅಂದಾಗ ಅವರು ಕೇಳಿದ್ದು ಒಂದೇ, ಆ ಬಂದರು ತೋರಿಸು ಅಂತ.

ನಾನು ಮಾಡಿದ್ದು ಇಷ್ಟು. ಬೆಳಗ್ಗೆ ತಂಪಾಗಿರುತ್ತದೆ, ಬೀಚಿಗೆ ಅದೇ ಸರಿ ಅಂದುಕೊಂಡೆ. ಟ್ಯೂನಿಸ್ ಹತ್ತಿರದ ಲಾ ಮಾರ್ಸಾ ಬೀಚಿಗೆ ಹೋದೆವು. ಅಮ್ಮ ಖುಷಿಯಾಗಿ ನೀರಿಗಿಳಿದರು. ಆಮೇಲೆ ಹೊಟ್ಟೆ ತುಂಬಾ ಊಟ. ಮಧ್ಯಾಹ್ನ ರೈಲು ಹತ್ತಿ 'ಕಾರ್ತೇಜ್ ಹ್ಯಾನಿಬಲ್' ಅನ್ನುವ ಸ್ಟೇಷನ್‌ನಲ್ಲಿ ಇಳಿದೆವು. ಹೆಸರು ನೋಡಿಯೇ ಇಳಿದದ್ದು. ಎಲ್ಲ ಫೋಟೋಗಳಲ್ಲೂ ಬರುವ ಸಮುದ್ರದ ಪಕ್ಕದ ಆಂಟೋನೈನ್ ಸ್ನಾನಗೃಹಕ್ಕೆ ನೇರವಾಗಿ ಹೋದೆವು. ಬಿಸಿಲು ಕಣ್ಣು ಬಿಡಲು ಆಗದಷ್ಟಿತ್ತು. ಕಲ್ಲು ಕಾದು ಹೆಂಚಾಗಿತ್ತು. ಅಪ್ಪ ಸುತ್ತಲೂ ಒಮ್ಮೆ ನೋಡಿ, "ಇದು ರೋಮನ್ನರದ್ದು ಕಣೋ. ಕಾರ್ತೇಜ್ ಎಲ್ಲಿ?" ಅಂದರು.

ಸ್ವಲ್ಪ ಹೊತ್ತಿಗೆ ಅವರ ಕಾಲಿನ ಮೀನಖಂಡ ಹಿಡಿದುಕೊಂಡಿತು, ತಲೆ ಸುತ್ತು ಬಂತು. ಗೇಟಿನ ಹತ್ತಿರ ಮರದ ನೆರಳಿನಲ್ಲಿ ಕೂರಿಸಿದೆವು. ಅಲ್ಲಿದ್ದ ಕಾವಲಿನವರೊಬ್ಬರು ತಮ್ಮ ಬಾಟಲಿಯ ನೀರನ್ನೇ ಕೊಟ್ಟು, ಕರ್ಚೀಫು ಒದ್ದೆ ಮಾಡಿ ತಲೆ ಮೇಲೆ ಹಾಕಿದರು. ಆ ದಿನದ ಕಾರ್ತೇಜ್ ಅಲ್ಲಿಗೇ ಮುಗಿಯಿತು. ಮಾರನೇ ದಿನ ಬೆಳಗ್ಗೆ ವಿಮಾನ.

ತಪ್ಪು ಎಲ್ಲೆಲ್ಲಿ ಆಯಿತು ಅಂತ ಬಿಡಿಸಿ ಹೇಳುತ್ತೇನೆ, ನಿಮಗೂ ಅದೇ ಆಗಬಾರದು.

ಮೊದಲನೆಯದಾಗಿ, ಕಾರ್ತೇಜ್ ಅನ್ನುವುದು ಹಂಪಿ ತರಹ ಕಣ್ಣು ಹಾಯಿಸಿದಷ್ಟು ದೂರ ಹರಡಿಕೊಂಡ ಒಂದು ಪಾಳುನಗರ ಅಲ್ಲ. ಅದು ಈಗ ಟ್ಯೂನಿಸ್‌ನ ಶ್ರೀಮಂತರ ಬಡಾವಣೆ. ಬಿಳಿ ಬಂಗಲೆಗಳು, ಬೋಗನ್‌ವಿಲ್ಲಾ ಬೇಲಿಗಳು, ನಡುವೆ ಇಲ್ಲೊಂದು ಅಲ್ಲೊಂದು ಅಗೆದ ಜಾಗ. ಒಂದರಿಂದ ಇನ್ನೊಂದಕ್ಕೆ ರಸ್ತೆಯಲ್ಲೇ ನಡೆಯಬೇಕು. ದಾರಿಯಲ್ಲಿ ನೆರಳು ಕಡಿಮೆ. ಬಂಗಲೆಗಳ ಏರಿಯಾ ಆದ್ದರಿಂದ ನೀರು ಮಾರುವ ಅಂಗಡಿಯೂ ಕಡಿಮೆ. ಮಧ್ಯಾಹ್ನ ಎರಡು ಗಂಟೆಗೆ ವಯಸ್ಸಾದವರನ್ನು ಈ ರಸ್ತೆಗೆ ಇಳಿಸಿದರೆ ಒಂದು ಜಾಗ ನೋಡುವಷ್ಟರಲ್ಲಿ ಅವರ ಶಕ್ತಿ ಮುಗಿದಿರುತ್ತದೆ. ಅದು ಯಾವ ಜಾಗ ಅನ್ನುವುದೇ ಎಲ್ಲವನ್ನೂ ತೀರ್ಮಾನ ಮಾಡುತ್ತದೆ. ನಾನು ಆರಿಸಿದ್ದು ತಪ್ಪು ಜಾಗ.

ಎರಡನೆಯದು ಅದಕ್ಕಿಂತ ಮುಖ್ಯ. ರೋಮನ್ನರು ಕ್ರಿ.ಪೂ. 146ರಲ್ಲಿ ಕಾರ್ತೇಜ್‌ಅನ್ನು ಸುಟ್ಟು ಕೆಡವಿದರು. ಆಮೇಲೆ ತಾವೇ ಅದರ ಮೇಲೆ ಊರು ಕಟ್ಟಿಕೊಂಡರು. ಇವತ್ತು ಎದ್ದು ಕಾಣುವುದೆಲ್ಲಾ ಬಹುಪಾಲು ಆ ಎರಡನೇ ಊರು. ಸ್ನಾನಗೃಹ ಕಟ್ಟಿದ್ದು ಕ್ರಿ.ಶ. ಎರಡನೇ ಶತಮಾನದಲ್ಲಿ, ಹ್ಯಾನಿಬಲ್ ಸತ್ತು ಮುನ್ನೂರು ವರ್ಷಕ್ಕೂ ಜಾಸ್ತಿ ಆದ ಮೇಲೆ. ಹ್ಯಾನಿಬಲ್‌ನ ಊರು ಬೇಕು ಅಂದರೆ ನೋಡಬೇಕಾದ್ದು ಬಂದರು, ಬಿರ್ಸಾ ಗುಡ್ಡದ ಇಳಿಜಾರು, ಟೋಫೆತ್ ಅನ್ನುವ ಎಳೆ ಮಕ್ಕಳ ಸಮಾಧಿ ಜಾಗ. ಇವು ಫೋಟೋದಲ್ಲಿ ಚೆನ್ನಾಗಿ ಬರುವುದಿಲ್ಲ, ಹಾಗಾಗಿ ಯಾರೂ ಮೊದಲು ಹೋಗುವುದಿಲ್ಲ. ಅಂದಹಾಗೆ, ರೋಮನ್ನರು ಆ ನೆಲಕ್ಕೆ ಉಪ್ಪು ಸುರಿದರು ಅನ್ನುವ ಕತೆ ಗೈಡುಗಳು ಹೇಳುತ್ತಾರೆ. ಆ ಕಾಲದ ಯಾವ ಬರಹಗಾರನೂ ಹಾಗೆ ಬರೆದಿಲ್ಲ. ತೀರಾ ಈಚೆಗೆ ಹುಟ್ಟಿದ ಮಾತು ಅದು.

ಮೂರನೆಯದು, ಬೀಚಿನ ಹೊತ್ತು. ಬೆಳಗಿನ ತಂಪನ್ನು ಬೀಚಿಗೆ ಸುರಿಯುವುದು ದಂಡ. ಸಮುದ್ರ ಎಲ್ಲೂ ಹೋಗುವುದಿಲ್ಲ. ಜುಲೈನಲ್ಲಿ ಅಲ್ಲಿ ಸೂರ್ಯ ಮುಳುಗುವಾಗ ಸುಮಾರು ಏಳೂವರೆ ಆಗಿರುತ್ತದೆ. ಸಂಜೆ ಐದರ ಮೇಲೆ ಲಾ ಮಾರ್ಸಾ ಮರಳಿನ ಮೇಲೆ ಟ್ಯೂನಿಸ್‌ನ ಸಂಸಾರಗಳೆಲ್ಲ ಬಂದು ಕೂರುತ್ತವೆ. ನೀರು ಆಗಲೂ ಬೆಚ್ಚಗೆ, ಬಿಸಿಲು ಇಳಿದಿರುತ್ತದೆ. ಅಲ್ಲಿಯವರೇ ಹಾಗೆ ಮಾಡುವಾಗ ನಾವು ಯಾಕೆ ಉಲ್ಟಾ ಮಾಡಬೇಕು ಅಲ್ವಾ?

ಆಮೇಲೆ ಕೆಲಸದ ಮೇಲೆ ಟ್ಯೂನಿಸ್‌ಗೆ ಹೋಗುವ ಅವಕಾಶ ಮತ್ತೆ ಬಂತು. ಈ ಸಲ ಬೆಳಗ್ಗೆ ಬೇಗ ಎದ್ದು ನೇರವಾಗಿ ಬಂದರಿಗೇ ಹೋದೆ. ಮೊದಲ ನೋಟಕ್ಕೆ ನಿಜವಾಗಿ ಏನೂ ಅನ್ನಿಸುವುದಿಲ್ಲ. ಸುತ್ತಲೂ ಮನೆಗಳು, ನಡುವೆ ಹಸಿರು ಹಸಿರಾದ, ಆಳವಿಲ್ಲದ ಕೊಳ. ಅದರಲ್ಲಿ ಚಿಕ್ಕ ಚಿಕ್ಕ ಮೀನಿನ ದೋಣಿ. ಕಟ್ಟೆ ಮೇಲೆ ಗಾಳ ಹಾಕಿಕೊಂಡು ಕೂತ ಹುಡುಗರು. ನಾನು ಅಪ್ಪನಿಗೆ ವಿಡಿಯೋ ಕಾಲ್ ಮಾಡಿ ಫೋನನ್ನು ನೀರಿನ ಕಡೆ ತಿರುಗಿಸಿದೆ.

ಅಪ್ಪ ಅಲ್ಲಿಂದಲೇ ನನಗೆ ಜಾಗ ತೋರಿಸಲು ಶುರು ಮಾಡಿದರು! ಮಧ್ಯದಲ್ಲಿ ದ್ವೀಪ ಇದೆಯಾ ನೋಡು ಅಂದರು. ಇತ್ತು. ನೌಕಾಪಡೆಯ ಮುಖ್ಯಸ್ಥನ ಮನೆ ಅದರ ಮೇಲೆ, ಅಲ್ಲಿಂದ ಸಮುದ್ರವೂ ಕಾಣುತ್ತಿತ್ತು, ಬಂದರೂ ಕಾಣುತ್ತಿತ್ತು. ದ್ವೀಪಕ್ಕೆ ಹೋಗಲು ದಾರಿ ಇದೆ, ನಡೆದು ಹೋದೆ. ನೆಲದಲ್ಲಿ ಉದ್ದಕ್ಕೆ ಇಳಿಜಾರಾದ ಗುರುತುಗಳಿವೆ. ಹಡಗುಗಳನ್ನು ನೀರಿನಿಂದ ಮೇಲೆಳೆದು ಒಣಗಲು ಇಡುತ್ತಿದ್ದ ಜಾಗ ಅದು. 1970ರ ದಶಕದಲ್ಲಿ ಯುನೆಸ್ಕೋ ಕರೆ ಕೊಟ್ಟು ಬೇರೆ ಬೇರೆ ದೇಶದವರು ಬಂದು ಕಾರ್ತೇಜ್ ಅಗೆದಾಗ ಈ ದ್ವೀಪ ಬ್ರಿಟಿಷ್ ತಂಡದ ಪಾಲಿಗೆ ಬಂದಿತ್ತು. ಅಪ್ಪಿಯನ್ ಬರೆದದ್ದು ಬರೀ ಕತೆ ಅಲ್ಲ ಅಂತ ಈ ಇಳಿಜಾರುಗಳೇ ತೋರಿಸಿಕೊಟ್ಟವು.

ದಕ್ಷಿಣಕ್ಕೆ ಇನ್ನೊಂದು ಉದ್ದನೆಯ ಕೊಳ ಇದೆ, ಅದು ವ್ಯಾಪಾರದ ಬಂದರು. ಹೊರಗಿನ ಹಡಗುಗಳು ಅಲ್ಲಿಗೆ ಮಾತ್ರ ಬರಬಹುದಿತ್ತು. ಬಾಯಿಗೆ ಕಬ್ಬಿಣದ ಸರಪಳಿ. ಎರಡು ಬಂದರಿನ ನಡುವೆ ಜೋಡಿ ಗೋಡೆ, ವ್ಯಾಪಾರಕ್ಕೆ ಬಂದವರಿಗೆ ಯುದ್ಧದ ಹಡಗುಗಳು ಕಾಣಬಾರದು ಅಂತ. ಕೊನೆಯ ಮುತ್ತಿಗೆಯಲ್ಲಿ ರೋಮನ್ ಸೇನಾಪತಿ ಸಿಪಿಯೊ ಬಂದರಿನ ಬಾಯಿಗೆ ಕಲ್ಲು ತುಂಬಿಸಿ ಮುಚ್ಚಿಸುತ್ತಿದ್ದ. ಒಳಗಿದ್ದವರು, ಹೆಂಗಸರು ಮಕ್ಕಳು ಸೇರಿ, ಸದ್ದಿಲ್ಲದೆ ಇನ್ನೊಂದು ಕಡೆ ದಾರಿ ಕಡಿದರು. ಹಳೆಯ ಮರ ಹೊಂದಿಸಿ 50 ಹಡಗು ಕಟ್ಟಿಕೊಂಡು ಒಂದು ದಿನ ಬೆಳಗ್ಗೆ ಸಮುದ್ರಕ್ಕೆ ಇಳಿದೇ ಬಿಟ್ಟರು. ಆ ಹೊಸ ಬಾಯಿ ಯಾವ ಕಡೆ ಇದ್ದಿರಬಹುದು ಅಂತ ಅಪ್ಪ ಫೋನಿನಲ್ಲಿ ನನ್ನನ್ನು ಎಡಕ್ಕೆ, ಬಲಕ್ಕೆ ನಡೆಸಿದರು. ಅವರ ದನಿ ಕೇಳುತ್ತಾ ನನಗೆ ಸಂಕಟವಾಯಿತು. ಈ ಕಟ್ಟೆ ಮೇಲೆ ನಿಂತು ಅವರೇ ನನಗೆ ಇದನ್ನೆಲ್ಲ ಹೇಳಬೇಕಿತ್ತು. ಅವತ್ತು ಇನ್ನು ಕೆಲವೇ ಸ್ಟೇಷನ್ ಮುಂದೆ ಬಂದು ಇಳಿದಿದ್ದರೆ ಸಾಕಿತ್ತು. ಬಂದರು ನೋಡಲು ಟಿಕೆಟ್ ಕೂಡ ಬೇಕಿಲ್ಲ, ರಸ್ತೆಯಿಂದಲೇ ಕಾಣುತ್ತದೆ.

ಹಾಗಾಗಿ ನೀವು ಹೀಗೆ ಮಾಡಿ. ಹಬೀಬ್ ಬುರ್ಗೀಬಾ ರಸ್ತೆಯ ಕೊನೆಯಲ್ಲಿ ಟ್ಯೂನಿಸ್ ಮರೀನ್ ಸ್ಟೇಷನ್ ಇದೆ. ಅಲ್ಲಿಂದ ಟಿ.ಜಿ.ಎಂ. (ಟ್ಯೂನಿಸ್-ಗುಲೆತ್-ಮಾರ್ಸಾ) ರೈಲು ಹಿಡಿಯಿರಿ. 1872ರಿಂದ ಇರುವ ಲೈನು, ಕೆರೆಯಂಥ ಹಿನ್ನೀರಿನ ಮಧ್ಯೆ ಏರಿಯ ಮೇಲೆ ಹೋಗುತ್ತದೆ. 'ಕಾರ್ತೇಜ್ ಸಲಾಂಬೋ'ದಲ್ಲಿ ಇಳಿಯಿರಿ, 'ಹ್ಯಾನಿಬಲ್'ನಲ್ಲಿ ಅಲ್ಲ. ಬಾಗಿಲು ತೆಗೆಯುವ ಹೊತ್ತಿಗೆ ಟೋಫೆತ್‌ನಲ್ಲಿರಿ. ಅಲ್ಲೇ ಎಲ್ಲ ಜಾಗಕ್ಕೂ ಸೇರಿದ ಒಂದೇ ಟಿಕೆಟ್ ಕೊಡುತ್ತಾರೆ. ಅದು ಆ ಒಂದು ದಿನಕ್ಕೆ ಮಾತ್ರ ನಡೆಯುತ್ತದೆ, ಮಧ್ಯಾಹ್ನ ಶುರು ಮಾಡುವ ಪ್ಲಾನ್ ಬೇಡ ಅನ್ನಲು ಅದೂ ಒಂದು ಕಾರಣ. ಟೋಫೆತ್ ಅಂದರೆ ಎಳೆ ಮಕ್ಕಳ ಸುಟ್ಟ ಮೂಳೆಗಳನ್ನು ಮಡಕೆಯಲ್ಲಿಟ್ಟು ಹೂಳಿದ ಜಾಗ. ಬಲಿ ಕೊಟ್ಟರಾ, ಇಲ್ಲಾ ಕಾಯಿಲೆಯಿಂದ ಸತ್ತ ಮಕ್ಕಳಾ ಅಂತ ವಿದ್ವಾಂಸರು ಇನ್ನೂ ಜಗಳವಾಡುತ್ತಾರೆ. ಕಲ್ಲುಗಳ ಮೇಲೆ ತ್ರಿಕೋನ, ಅದರ ಮೇಲೆ ಅಡ್ಡಗೆರೆ, ಮೇಲೊಂದು ದುಂಡು ಕೆತ್ತಿರುತ್ತಾರೆ. ಅದು ತಾನಿತ್ ದೇವಿಯ ಗುರುತು. ಅಮ್ಮನಿಗೆ ಮನಸ್ಸಿಗೆ ಕಷ್ಟ ಅನ್ನಿಸಿದರೆ ಹೊರಗೇ ಕೂರಲಿ. ಅಲ್ಲಿಂದ ಬಂದರು ಹತ್ತಿರ.

ಆಮೇಲೆ ಬಿರ್ಸಾ ಗುಡ್ಡಕ್ಕೆ ಟ್ಯಾಕ್ಸಿ ಮಾಡಿ, ಹತ್ತುವ ಸಾಹಸ ಬೇಡ. ಮೇಲಿನ ಮ್ಯೂಸಿಯಂ ನಾನು ಹೋದಾಗ ದುರಸ್ತಿಗೆ ಅಂತ ಮುಚ್ಚಿತ್ತು, ಆದರೆ ನೋಡಬೇಕಾದ್ದು ಅದಲ್ಲ. ಗುಡ್ಡದ ದಕ್ಷಿಣದ ಇಳಿಜಾರಿನಲ್ಲಿ ಹ್ಯಾನಿಬಲ್ ಕಾಲದ ಮನೆಗಳಿವೆ. ಮೆಟ್ಟಿಲು ಮೆಟ್ಟಿಲಾದ ಓಣಿ, ಮನೆ ಕೆಳಗೆ ಮಳೆನೀರಿನ ತೊಟ್ಟಿ, ಸೊಂಟದೆತ್ತರ ಉಳಿದ ಗೋಡೆಗಳು. ರೋಮನ್ನರು ಗುಡ್ಡದ ತಲೆ ಕಡಿದು ಸಮ ಮಾಡುವಾಗ ಆ ಮಣ್ಣನ್ನೆಲ್ಲ ಈ ಸುಟ್ಟ ಮನೆಗಳ ಮೇಲೆ ಸುರಿದರು. ಹಾಗೆ ಹೂತು ಹೋದದ್ದರಿಂದಲೇ ಇವು ಉಳಿದವು. ಮನೆಗಳ ನಡುವೆಯೇ ರೋಮನ್ ಕಟ್ಟಡದ ದಪ್ಪ ಬುನಾದಿ ಕಂಬಗಳು ಇಳಿದಿರುವುದು ಈಗಲೂ ಕಾಣುತ್ತದೆ. ಒಂದು ಊರಿನ ಎದೆಗೆ ಇನ್ನೊಂದು ಊರು ಕಂಬ ನೆಟ್ಟಿದೆ.

ಸ್ನಾನಗೃಹ ಕೊನೆಗೆ ಇಟ್ಟುಕೊಳ್ಳಿ. ಅದೂ ದೊಡ್ಡದೇ, ಆಫ್ರಿಕಾದಲ್ಲಿ ರೋಮನ್ನರು ಕಟ್ಟಿದ ಸ್ನಾನಗೃಹಗಳಲ್ಲೇ ಅತಿ ದೊಡ್ಡದು. ನೀವು ಓಡಾಡುವುದು ಬರೀ ನೆಲಮಾಳಿಗೆಯಲ್ಲಿ, ಸ್ನಾನದ ಮಹಡಿ ಪೂರ್ತಿ ಹೋಗಿದೆ ಅನ್ನುವುದು ಗೊತ್ತಿದ್ದರೆ ಅಳತೆ ಅರ್ಥವಾಗುತ್ತದೆ. ಒಂದು ಕಂಬ ಮತ್ತೆ ಎತ್ತಿ ನಿಲ್ಲಿಸಿದ್ದಾರೆ, ಸುಮಾರು 15 ಮೀಟರ್ ಎತ್ತರ. ಪಕ್ಕದಲ್ಲೇ ರಾಷ್ಟ್ರಪತಿಗಳ ಅರಮನೆ ಇದೆ, ಆ ಕಡೆ ಕ್ಯಾಮೆರಾ ತಿರುಗಿಸಬೇಡಿ. ಹನ್ನೆರಡರ ಒಳಗೆ ಹೊರಬಿದ್ದು ಊಟ, ನಿದ್ದೆ. ಸಂಜೆ ಲಾ ಮಾರ್ಸಾ. ಅಮ್ಮನಿಗೆ ಬಟ್ಟೆಯ ಚಿಂತೆ ಬೇಡ. ಅಲ್ಲಿ ಬಿಕಿನಿಯವರೂ ಇರುತ್ತಾರೆ, ಮೈ ತುಂಬಾ ಬಟ್ಟೆ ಹಾಕಿಕೊಂಡು ಈಜುವವರೂ ಇರುತ್ತಾರೆ. ಸಲ್ವಾರ್‌ನಲ್ಲಿ ನೀರಿಗಿಳಿದರೆ ಯಾರೂ ತಿರುಗಿ ನೋಡುವುದಿಲ್ಲ.

ಸಸ್ಯಾಹಾರಿಗಳಾ? ಅಲ್ಲಿ ಸಲಾಡಿಗೂ ಟ್ಯೂನಾ ಮೀನು ಉದುರಿಸುತ್ತಾರೆ. ಆರ್ಡರ್ ಮಾಡುವಾಗಲೇ "ಸಾಂ ತೋಂ" ಅನ್ನಿ, ಟ್ಯೂನಾ ಬೇಡ ಅಂತ. ಲಬ್ಲಾಬಿ ಅನ್ನುವ ಕಡಲೆಕಾಳಿನ ಸಾರು ಬ್ರೆಡ್ ಚೂರಿನ ಮೇಲೆ ಸುರಿದು ಜೀರಿಗೆ, ಹರೀಸಾ ಖಾರ ಹಾಕಿ ಕೊಡುತ್ತಾರೆ, ನಮ್ಮ ನಾಲಿಗೆಗೆ ಹಿಡಿಸುತ್ತದೆ. ಮೊಟ್ಟೆ ತಿನ್ನದಿದ್ದರೆ ಅದನ್ನೂ ಮೊದಲೇ ಹೇಳಬೇಕು.

ಹಮ್ಮಾಮೆತ್ ವಿಷಯ. ರೆಸಾರ್ಟ್ ಬೇಡ ಅಂತಲೇ ನನ್ನ ಅಭಿಪ್ರಾಯ. ಟ್ಯೂನಿಸ್‌ನಿಂದ 65 ಕಿಲೋಮೀಟರ್, ಬಂದು ಹೋಗುವುದರಲ್ಲೇ ಬೆಳಗಿನ ತಂಪು ಮುಗಿದಿರುತ್ತದೆ. ಬೀಚೂ ಹಳೇ ಊರೂ ಒಟ್ಟಿಗೆ ಬೇಕು ಅನ್ನುವುದು ನಿಮ್ಮ ಆಸೆಯಾದರೆ, ಒಂದು ದಿನ ಕಾರು ಮಾಡಿಕೊಂಡು ಕಾಪ್ ಬೋನ್ ಪರ್ಯಾಯದ್ವೀಪದ ಕೆರ್ಕುವಾನ್‌ಗೆ ಹೋಗಿ. ಕ್ರಿ.ಪೂ. ಮೂರನೇ ಶತಮಾನದಲ್ಲಿ ಜನ ಬಿಟ್ಟು ಹೋದ, ಕಾರ್ತೇಜ್ ಕಾಲದ ಊರು, ರೋಮನ್ನರು ಅದರ ಮೇಲೆ ಮತ್ತೆ ಕಟ್ಟಲಿಲ್ಲ. ಹಾಗಾಗಿ ಇಡೀ ಊರಿನ ತಳಪಾಯ ಹಾಗೇ ಇದೆ. ಮನೆ ಮನೆಯಲ್ಲೂ ಕೂತು ಸ್ನಾನ ಮಾಡುವ ಕೆಂಪು ಗಾರೆಯ ಪುಟ್ಟ ತೊಟ್ಟಿ. ಗೋಡೆಯಾಚೆಗೇ ಸಮುದ್ರ. ಹತ್ತಿರದ ಕೆಲೀಬಿಯಾದಲ್ಲಿ ಬಿಳಿ ಮರಳಿನ ಒಳ್ಳೇ ಬೀಚ್ ಇದೆ.

ಟಿಕೆಟ್ ಇನ್ನೂ ಮಾಡಿಸಿಲ್ಲ ಅಂದರೆ ಜುಲೈ ಬಿಟ್ಟು ಅಕ್ಟೋಬರ್ ಶುರುವಿಗೆ ಹಾಕಿಕೊಳ್ಳಿ. ಸಮುದ್ರ ಆಗಲೂ ಈಜುವಷ್ಟು ಬೆಚ್ಚಗಿರುತ್ತದೆ, ಬಿಸಿಲು ಅರ್ಧಕ್ಕೆ ಇಳಿದಿರುತ್ತದೆ. ಜುಲೈನಲ್ಲೇ ಹೋಗುವುದಾದರೆ ಹೋಟೆಲನ್ನು ಲಾ ಮಾರ್ಸಾ ಅಥವಾ ಅದರ ಹತ್ತಿರದ ಸಿದಿ ಬೂ ಸಯೀದ್ ಕಡೆ ನೋಡಿ, ಕಾರ್ತೇಜ್ ಅಲ್ಲಿಂದ ಕೆಲವೇ ಸ್ಟೇಷನ್. ಅಪ್ಪನಿಗೆ ನಡೆಯುವುದು ಕಷ್ಟವಾದರೆ ಸ್ನಾನಗೃಹ ಬಿಡಿ, ಟೋಫೆತ್ ಕೂಡ ಬಿಡಿ. ಬಂದರು ಮತ್ತು ಬಿರ್ಸಾ ಎರಡೇ ಸಾಕು, ಬೆಳಗ್ಗೆ ಹತ್ತರ ಒಳಗೆ ಮುಗಿಯುತ್ತದೆ.