ನೋವಿನ ಮಾತ್ರೆ ನಿಲ್ಲಿಸಿದರೆ ಮೈ ಕೇಳುತ್ತಿಲ್ಲ, ಇದು ಚಟವೇ?

ಪ್ರಶ್ನೆ: ಅಮ್ಮನಿಗೆ ಮಂಡಿ ಆಪರೇಷನ್ ಆಗಿ ಆರು ವಾರವಾಯಿತು. ಅಂದಿನಿಂದ ಟ್ರಮಡಾಲ್ 50 ಮಿ.ಗ್ರಾಂ ಕ್ಯಾಪ್ಸೂಲ್ ದಿನಕ್ಕೆ ಮೂರು ನುಂಗುತ್ತಿದ್ದಾರೆ. ನೋವು ತಗ್ಗಿತೆಂದು ಒಂದು ದಿನ ನಿಲ್ಲಿಸಿದ್ದಕ್ಕೆ ಆಕಳಿಕೆ, ಮೂಗು ಸೋರಿಕೆ, ಬೆವರು, ಭೇದಿ; ರಾತ್ರಿಯಿಡೀ ನಿದ್ದೆಯಿಲ್ಲ. ಮತ್ತೆ ನುಂಗಿದರೆ ಎಲ್ಲ ಸರಿ. ಚಟ ಹತ್ತಿದೆ, ಎಲ್ಲ ಎಸೆದುಬಿಡು ಎನ್ನುತ್ತಾನೆ ಅಣ್ಣ. ಏನು ಮಾಡಲಿ?

ಉತ್ತರ: ಒಮ್ಮೆಲೇ ನಿಲ್ಲಿಸಬೇಡಿ. ನೀವು ಬರೆದಷ್ಟರಿಂದ ಇದು ಚಟವೆನಿಸುವುದಿಲ್ಲ, ಮೈ ಔಷಧಕ್ಕೆ ಒಗ್ಗಿಹೋಗಿದೆ. ಟ್ರಮಡಾಲ್ ಮಾರ್ಫಿನ್, ಕೊಡೀನ್‌ಗಳ ಬಳಗದ್ದು. ವಾರಗಟ್ಟಲೆ ಬಿಡದೆ ನುಂಗಿದರೆ ಯಾರಿಗಾದರೂ ಹೀಗಾಗಬಹುದು. ಚಟದ ಗುರುತು ಬೇರೆ: ನೋವಿಲ್ಲದಿದ್ದರೂ ಮಾತ್ರೆಯ ಹಂಬಲ, ಕೇಳದೆ ಡೋಸ್ ಏರಿಸುವುದು, ಒಬ್ಬ ವೈದ್ಯರಿಗೆ ತಿಳಿಯದಂತೆ ಇನ್ನೊಬ್ಬರಿಂದ ಚೀಟಿ ಬರೆಸುವುದು, ಕೆಡುಕಾಗುತ್ತಿದ್ದರೂ ಬಿಡಲಾಗದಿರುವುದು. ಹಿಂದೆ ಮದ್ಯದ ಚಟವಿದ್ದವರು, ಖಿನ್ನತೆಯಿಂದ ಬಳಲುವವರು ಅತ್ತ ಜಾರುವ ಸಾಧ್ಯತೆ ಹೆಚ್ಚು. ಇದೆಲ್ಲ ಅಮ್ಮನಲ್ಲಿ ಇದೆಯೇ ಎಂದು ಗಮನಿಸಿ, ಆದರೆ ಪೊಲೀಸರಂತೆ ವಿಚಾರಿಸಬೇಡಿ. ಮಾತ್ರೆ ಬಚ್ಚಿಡುವುದು ಶುರುವಾಗುವುದೇ ಆಗ.

ಬಿಡಿಸುವುದನ್ನು ಮಾತ್ರೆ ಬರೆದ ವೈದ್ಯರೇ ಹಂತಹಂತವಾಗಿ ಮಾಡಬೇಕು. ಕೆಲವು ವಾರ ನುಂಗಿದವರಿಗೆ ಸಾಮಾನ್ಯವಾಗಿ ಮೊದಲಿದ್ದ ಡೋಸ್‌ನಲ್ಲಿ ವಾರಕ್ಕೆ ಶೇ. 10ರಷ್ಟು ಕಡಿಮೆ ಮಾಡುತ್ತಾರೆ. ವರ್ಷ ದಾಟಿದವರಿಗೆ ತಿಂಗಳಿಗೆ ಶೇ. 10 ಅಥವಾ ಅದಕ್ಕೂ ನಿಧಾನ. 50ರ ಕ್ಯಾಪ್ಸೂಲ್‌ನಲ್ಲಿ ಅಷ್ಟು ಸಣ್ಣ ಹೆಜ್ಜೆ ಇಡಲಾಗದು, ಹನಿ ಔಷಧ ಸಿಗುತ್ತದೆಯೇ ಕೇಳಿ. ತೊಂದರೆ ಹೆಚ್ಚಾದರೆ ಅದೇ ಹಂತದಲ್ಲಿ ಇನ್ನೊಂದು ವಾರ ನಿಲ್ಲಬಹುದು. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಯಾಗಿದ್ದರೆ ಮುರಿಯಲೂ ಬಾರದು, ಪುಡಿ ಮಾಡಲೂ ಬಾರದು. ಹನ್ನೆರಡು ತಾಸಿನ ಔಷಧ ಒಮ್ಮೆಗೇ ರಕ್ತಕ್ಕಿಳಿಯುತ್ತದೆ.

ಖಿನ್ನತೆಯ ಮಾತ್ರೆ ನಡೆಯುತ್ತಿದ್ದರೆ ತಪ್ಪದೇ ಹೇಳಿ; ಕೆಲವು ಟ್ರಮಡಾಲ್ ಜೊತೆ ಸೇರಿದರೆ ಫಿಟ್ಸ್ ಬರಬಹುದು. ನಿದ್ದೆ ಮಾತ್ರೆ, ಮದ್ಯ ಜೊತೆಗೂಡಿದರೆ ಉಸಿರೇ ನಿಧಾನವಾಗುತ್ತದೆ. ಎಬ್ಬಿಸಿದರೂ ಏಳದ ನಿದ್ದೆ, ನೀಲಿಗಟ್ಟಿದ ತುಟಿ, ಸೂಜಿಮೊನೆಯಷ್ಟಾದ ಕಣ್ಣಿನ ಪಾಪೆ ಕಂಡರೆ ತಕ್ಷಣ ಆಂಬುಲೆನ್ಸ್ ಕರೆಯಿರಿ. ನ್ಯಾಲಾಕ್ಸೋನ್ ಎಂಬ ಪ್ರತಿಮದ್ದಿದೆ, ಆದರೆ ಬೇಗ ಸಿಕ್ಕಬೇಕು.

ಪ್ರಶ್ನೆ: ಉಳಿದ ಮಾತ್ರೆ ಮುಂದೆ ಬೇಕಾದೀತೆಂದು ಇಟ್ಟುಕೊಳ್ಳಬಹುದೇ?

ಉತ್ತರ: ಬೇಡ. ಬಿಟ್ಟು ಕೆಲವು ವಾರಗಳಾದ ಮೇಲೆ ಮೈಗೆ ಆ ಒಗ್ಗಿಕೆ ಉಳಿದಿರುವುದಿಲ್ಲ. ಮೊದಲು ತಡೆದುಕೊಂಡಿದ್ದ ಡೋಸೇ ಆಗ ಉಸಿರು ನಿಲ್ಲಿಸಬಹುದು. ಬೇರೆಯವರ ಬೆನ್ನುನೋವಿಗೂ ಕೊಡಬೇಡಿ. ಔಷಧ ಅಂಗಡಿಯಲ್ಲಿ ಹಿಂದಕ್ಕೆ ಪಡೆಯುತ್ತಾರೆಯೇ ವಿಚಾರಿಸಿ, ಅಲ್ಲಿಯವರೆಗೆ ಬೀಗ ಹಾಕಿಡಿ.