ಸ್ಕೌಟ್ ಶಿಬಿರಕ್ಕೊಂದು ಜಿಪಿಎಸ್ ಗುರುತು

ಪ್ರಶ್ನೆ: ವೇಮಾರ್ಕಿಂಗ್ ನನ್ನ ಹವ್ಯಾಸ. ಕುತೂಹಲದ ಜಾಗಗಳ ಅಕ್ಷಾಂಶ, ರೇಖಾಂಶಗಳನ್ನು ಫೋಟೊ ಸಹಿತ ಎಲ್ಲರೊಡನೆ ಹಂಚಿಕೊಳ್ಳುತ್ತೇವೆ. ಮಗ ಹೋಗುವ ಸ್ಕೌಟ್ ಶಿಬಿರಗಳನ್ನೂ ಸೇರಿಸಬಹುದೇ? ಹೆಂಡತಿಗೆ ಭಯ.
– ಓದುಗರೊಬ್ಬರು, ಟೆಕ್ಸಾಸ್

ಉತ್ತರ: ಅವರ ಭಯ ಅರ್ಧ ಸರಿ. ನ್ಯೂ ಮೆಕ್ಸಿಕೊದ ಫಿಲ್ಮಾಂಟ್ ಸುಮಾರು 1,40,000 ಎಕರೆಯ ಶಿಬಿರ. ಅದೆಲ್ಲಿದೆ ಎಂಬುದನ್ನು ಯಾರಿಂದ ಮುಚ್ಚಿಡುತ್ತೀರಿ? ಸ್ಕೌಟ್ ಚಳವಳಿಯ ಸ್ಥಾಪಕ ಬೇಡನ್ ಪೊವೆಲ್ 1907ರಲ್ಲಿ ಪ್ರಾಯೋಗಿಕ ಶಿಬಿರ ನಡೆಸಿದ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಂತೂ ಸ್ಮಾರಕ ಶಿಲೆಯನ್ನೇ ನಿಲ್ಲಿಸಿದ್ದಾರೆ. ಜಾಗ ಗುಟ್ಟಲ್ಲ. ಮಕ್ಕಳು ಯಾವ ವಾರ, ಯಾವ ಡೇರೆಯಲ್ಲಿ ಮಲಗುತ್ತಾರೆ ಎಂಬುದು ಗುಟ್ಟು.

ಆದ್ದರಿಂದ ರಸ್ತೆ ಬದಿಯ ಹೆಬ್ಬಾಗಿಲಿನ ಫಲಕದ ಮುಂದೆ ನಿಂತು ಜಿಪಿಎಸ್ ಓದಿಕೊಳ್ಳಿ. ಊಟದ ಮನೆ, ಈಜುವ ಕೆರೆ, ಡೇರೆಗಳ ಸಾಲು ಬೇಡವೇ ಬೇಡ. ಚಿತ್ರದ ಮೂಲೆಯಲ್ಲಿ ಒಬ್ಬ ಹುಡುಗನ ಮುಖ ಕಂಡರೂ ಕತ್ತರಿಸಿ. ಮೊಬೈಲ್ ಫೋಟೊದೊಳಗೆ ತೆಗೆದ ದಿನ, ಗಂಟೆ ಅಡಗಿ ಕುಳಿತಿರುತ್ತದೆ, ಅದನ್ನೂ ಅಳಿಸಿ. ಮಗನ ತಂಡದ ಸಂಖ್ಯೆಯನ್ನು ಹೆಮ್ಮೆಯಿಂದ ಬರೆಯುವ ಚಪಲ ನಿಮಗೂ ಬರುತ್ತದೆ, ತಡೆದುಕೊಳ್ಳಿ. ಬೇಸಿಗೆ ಶಿಬಿರ ನಡೆಯುವಾಗ ಕಚೇರಿಯ ಅನುಮತಿ ಇಲ್ಲದೆ ಒಳಗೆ ಕಾಲಿಡಬೇಡಿ. ವಿವರಣೆಯಲ್ಲಿ ಇತರರಿಗೂ ಹಾಗೆಂದೇ ಬರೆಯಿರಿ.

ನನ್ನನ್ನು ಕೇಳಿದರೆ ಮುಚ್ಚಿಹೋದ ಶಿಬಿರಗಳೇ ಹೆಚ್ಚು ರುಚಿ. ಅಂಥ ಕಡೆ ಕಲ್ಲಿನ ಕಮಾನೊಂದು ಉಳಿದಿದ್ದರೆ ಮೊದಲು ಅದನ್ನೇ ಗುರುತಿಸಿ. ಜಮೀನಿನ ಈಗಿನ ಮಾಲೀಕರನ್ನು ಕೇಳಿ, ಅಷ್ಟೆ.