ವಿಂಡೋಸ್ 10 ಇರುವ ಕಂಪ್ಯೂಟರ್ ಗುಜರಿಗೆ ಹಾಕಬೇಕಾ? ಓದುಗರ ಪ್ರಶ್ನೆ, ನಮ್ಮ ಉತ್ತರ

2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ರ ಬೆಂಬಲ ನಿಲ್ಲಿಸಿತು. ಆಮೇಲಿಂದ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಇದೇ ವಿಷಯ ಜಾಸ್ತಿ. ಕೆಲವರಿಗೆ ಗಾಬರಿ, ಕೆಲವರಿಗೆ ಅಂಗಡಿಯವರು ಹೇಳಿದ ಮಾತಿನ ಮೇಲೆ ಅನುಮಾನ. ಹಾಗಾಗಿ ಈ ಸಲದ ಅಂಕಣವನ್ನು ಪೂರ್ತಿ ಇದಕ್ಕೇ ಇಟ್ಟಿದ್ದೇವೆ.

ಪ್ರಶ್ನೆ: ನನ್ನದು 2016ರಲ್ಲಿ ಕೊಂಡ ಲ್ಯಾಪ್‌ಟಾಪ್. ಪ್ರೊಸೆಸರ್ ಐ5-6200ಯು, ರ‍್ಯಾಮ್ 8 ಜಿಬಿ. ಚೆನ್ನಾಗಿಯೇ ಓಡುತ್ತಿದೆ. ಆದರೆ ವಿಂಡೋಸ್ 11 ಹಾಕಲು ಹೋದರೆ ಈ ಕಂಪ್ಯೂಟರಿಗೆ ಆಗುವುದಿಲ್ಲ ಎಂದು ತೋರಿಸುತ್ತದೆ. ಅಂಗಡಿಯವರು ಎಕ್ಸ್‌ಚೇಂಜಿಗೆ ಕೊಟ್ಟು ಹೊಸದು ತಗೊಳ್ಳಿ ಅನ್ನುತ್ತಾರೆ. ಪಿಂಚಣಿಯಲ್ಲಿ ಬದುಕುವವನು ನಾನು, ಬೇರೆ ದಾರಿ ಇಲ್ಲವೇ?
– ನಿವೃತ್ತ ಬ್ಯಾಂಕ್ ಉದ್ಯೋಗಿ, ಪುತ್ತೂರು

ಉತ್ತರ: ಇದೆ ಸರ್, ಅವಸರ ಮಾಡಬೇಡಿ. ಬೆಂಬಲ ನಿಂತಿತು ಅಂದರೆ ಕಂಪ್ಯೂಟರ್ ನಿಂತುಹೋಗುತ್ತದೆ ಎಂದಲ್ಲ. ಮೊದಲು ಪ್ರತಿ ತಿಂಗಳು ತಾನಾಗಿ ಬರುತ್ತಿದ್ದ ಸುರಕ್ಷತಾ ಅಪ್‌ಡೇಟ್ ಇನ್ನು ಬರುವುದಿಲ್ಲ, ಅಷ್ಟೇ. ಆದರೆ ಇದು ಸಣ್ಣ ವಿಷಯವೂ ಅಲ್ಲ. ಇನ್ನು ಮುಂದೆ ವಿಂಡೋಸ್‌ನಲ್ಲಿ ಯಾವ ಹೊಸ ದೋಷ ಕಂಡುಬಂದರೂ ನಿಮ್ಮ ಕಂಪ್ಯೂಟರಿನಲ್ಲಿ ಅದು ಹಾಗೇ ಉಳಿಯುತ್ತದೆ. ನೀವು ಅದರಲ್ಲೇ ನೆಟ್ ಬ್ಯಾಂಕಿಂಗ್ ಮಾಡುವುದಾದರೆ ಸುಮ್ಮನೆ ಬಿಡುವಂತಿಲ್ಲ.

ಯಾಕೆ ಆಗುವುದಿಲ್ಲ ಅನ್ನುತ್ತಿದೆ? ನಿಮ್ಮ ಪ್ರೊಸೆಸರಿನ ನಂಬರ್ ನೋಡಿ. ಐ5-6200ಯು, ಇದರಲ್ಲಿ ಮೊದಲ ಅಂಕಿ 6, ಅಂದರೆ ಆರನೇ ತಲೆಮಾರು. 8250 ಇದ್ದರೆ ಎಂಟನೇದು, 10210 ಇದ್ದರೆ ಹತ್ತನೇದು. ವಿಂಡೋಸ್ 11ರ ಪಟ್ಟಿಯಲ್ಲಿರುವ ಇಂಟೆಲ್ ಪ್ರೊಸೆಸರ್‌ಗಳು, ಒಂದೆರಡು ಬಿಟ್ಟರೆ, ಎಂಟನೇ ತಲೆಮಾರಿನಿಂದ ಈಚೆಯವು. ರ‍್ಯಾಮ್ ಕನಿಷ್ಠ 4 ಜಿಬಿ ಇದ್ದರೆ ಸಾಕು, ನಿಮ್ಮಲ್ಲಿ ಅದರ ಎರಡರಷ್ಟಿದೆ. ಆದ್ದರಿಂದ ರ‍್ಯಾಮ್ ಹಾಕಿಸಿದರೆ ವಿಂಡೋಸ್ 11 ಬರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಎಷ್ಟು ಹಾಕಿಸಿದರೂ ಪ್ರೊಸೆಸರ್ ಅದೇ ಅಲ್ವಾ?

ಸದ್ಯಕ್ಕೆ ನಿಮಗೆ ಸರಿಯಾದ ದಾರಿ ಮೈಕ್ರೋಸಾಫ್ಟ್ ಮನೆಬಳಕೆದಾರರಿಗೆ ಕೊಟ್ಟಿರುವ ಹೆಚ್ಚುವರಿ ಸುರಕ್ಷತಾ ಅಪ್‌ಡೇಟ್ ಯೋಜನೆ. ಇದಕ್ಕೆ ಇಎಸ್‌ಯು ಎನ್ನುತ್ತಾರೆ. 2026ರ ಅಕ್ಟೋಬರ್ 13ರವರೆಗೆ ಸುರಕ್ಷತಾ ಅಪ್‌ಡೇಟ್ ಬರುತ್ತದೆ. ಹೊಸ ಸೌಲಭ್ಯ ಏನೂ ಬರುವುದಿಲ್ಲ, ಅದು ನಿಮಗೆ ಬೇಕಾಗಿಯೂ ಇಲ್ಲ. ಮೊದಲು ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರೊಳಗೆ ಅಬೌಟ್ ತೆರೆದು ಆವೃತ್ತಿ 22ಎಚ್2 ಎಂದಿದೆಯಾ ನೋಡಿ. ಇಲ್ಲದಿದ್ದರೆ ಮೊದಲು ಅಲ್ಲಿಗೆ ಅಪ್‌ಡೇಟ್ ಮಾಡಿಕೊಳ್ಳಿ. ಆಮೇಲೆ ವಿಂಡೋಸ್ ಅಪ್‌ಡೇಟ್ ಪುಟಕ್ಕೆ ಹೋದರೆ ನೋಂದಣಿಯ ಲಿಂಕ್ ಕಾಣುತ್ತದೆ. ಮೈಕ್ರೋಸಾಫ್ಟ್ ಖಾತೆ ಬೇಕೇ ಬೇಕು. ಆ ಖಾತೆಗೆ ಕಂಪ್ಯೂಟರಿನ ಸೆಟ್ಟಿಂಗ್ಸ್ ಸಿಂಕ್ ಮಾಡಲು ಒಪ್ಪಿದರೆ ದುಡ್ಡು ಕೊಡಬೇಕಾಗಿಲ್ಲ. ಅದು ಬೇಡ ಅನ್ನುವವರು 30 ಡಾಲರ್ ಕೊಡಬಹುದು, ಅಥವಾ ಮೈಕ್ರೋಸಾಫ್ಟ್ ರಿವಾರ್ಡ್ಸ್‌ನ 1000 ಪಾಯಿಂಟ್ ಇದ್ದರೆ ಅದನ್ನು ಬಳಸಬಹುದು. ಉಚಿತ ದಾರಿ ಹಿಡಿದಾಗ ಫೋಟೊ, ಡಾಕ್ಯುಮೆಂಟ್ ಎಲ್ಲವನ್ನೂ ಒನ್‌ಡ್ರೈವ್‌ಗೆ ಏರಿಸಲೇ ಎಂದು ಕೇಳುತ್ತದೆ. ಅಲ್ಲಿ ಉಚಿತ ಜಾಗ 5 ಜಿಬಿ ಮಾತ್ರ. ಸೆಟ್ಟಿಂಗ್ಸ್ ಒಂದು ಸಿಂಕ್ ಆದರೆ ಸಾಕು, ಉಳಿದದ್ದನ್ನು ಆಫ್ ಮಾಡಿ.

ರೂಫಸ್ ಎಂಬ ಉಚಿತ ಸಾಫ್ಟ್‌ವೇರ್ ಬಳಸಿ, ಈ ತಪಾಸಣೆಗಳನ್ನೆಲ್ಲ ದಾಟಿ, ಹಳೆ ಕಂಪ್ಯೂಟರಿಗೆ ವಿಂಡೋಸ್ 11 ಹಾಕುವವರೂ ಇದ್ದಾರೆ. ಹಾಕಿದರೆ ಓಡುತ್ತದೆ. ಆದರೆ ಅಂಥ ಕಂಪ್ಯೂಟರಿಗೆ ಅಪ್‌ಡೇಟ್ ಕೊಡುವ ಹೊಣೆ ತನ್ನದಲ್ಲ ಎಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಹೇಳಿದೆ. ಅಪ್‌ಡೇಟ್ ಸಿಗಲಿ ಎಂದೇ ಅಲ್ವಾ ನಾವು ಇಷ್ಟೆಲ್ಲ ಮಾಡುವುದು? ಕಲಿಯುವ ಉತ್ಸಾಹ ಇರುವವರು ಬೇರೆ ಕಂಪ್ಯೂಟರಿನಲ್ಲಿ ಮಾಡಿ ನೋಡಲಿ. ಪಿಂಚಣಿ ಖಾತೆ ನೋಡುವ ಲ್ಯಾಪ್‌ಟಾಪಿಗೆ ನಾನು ಇದನ್ನು ಹೇಳುವುದಿಲ್ಲ.

ಇನ್ನೊಂದು ಮಾತು. ನಿಮ್ಮ ಲ್ಯಾಪ್‌ಟಾಪಿನಲ್ಲಿ ಇನ್ನೂ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ಅದನ್ನು ತೆಗೆಸಿ ತಿರುಗುವ ಭಾಗವಿಲ್ಲದ, ವೇಗದ ಎಸ್‌ಎಸ್‌ಡಿ ಹಾಕಿಸಿ. ಆನ್ ಆಗುವುದಕ್ಕೆ, ಫೈಲ್ ತೆರೆಯುವುದಕ್ಕೆ ಹಿಡಿಯುವ ಸಮಯ ಎಷ್ಟು ಕಡಿಮೆಯಾಗುತ್ತದೆ ಎಂದು ನೀವೇ ನೋಡುವಿರಿ. ಹೊಸ ಲ್ಯಾಪ್‌ಟಾಪಿನ ಬೆಲೆಗೆ ಹೋಲಿಸಿದರೆ ಇದು ತೀರಾ ಸಣ್ಣ ಖರ್ಚು. ಚೆನ್ನಾಗಿ ಓಡುವ ಯಂತ್ರವನ್ನು ಒಂದು ಸಂದೇಶ ಬಂತೆಂದು ಗುಜರಿಗೆ ಹಾಕುವುದು ನನಗಂತೂ ಸರಿ ಕಾಣುವುದಿಲ್ಲ.

ಪ್ರಶ್ನೆ: ಅಂಗಡಿಯಲ್ಲಿ ಅಸೆಂಬಲ್ಡ್ ಸಿಸ್ಟಮ್ ಇದೆ. ಪ್ರೊಸೆಸರ್ ಐ5-8400. ನಮ್ಮ ಲೆಕ್ಕಪತ್ರ ಎಲ್ಲಾ ಟ್ಯಾಲಿಯಲ್ಲೇ ಇದೆ. ಪ್ರೊಸೆಸರ್ ಓಕೆ, ಆದರೆ ಟಿಪಿಎಂ ಇಲ್ಲ ಅಂತ ತೋರಿಸ್ತದೆ. ಹೊಸ ಮದರ್‌ಬೋರ್ಡ್ ಹಾಕಿಸಬೇಕಾ?
– ಸಗಟು ವ್ಯಾಪಾರಿ, ಹುಬ್ಬಳ್ಳಿ

ಉತ್ತರ: ಬೇಡ. ಟಿಪಿಎಂ ಎಂದರೆ ಪಾಸ್‌ವರ್ಡ್, ಎನ್‌ಕ್ರಿಪ್ಶನ್ ಕೀಲಿಗಳನ್ನು ಇಡುವ ಪುಟ್ಟ ತಿಜೋರಿ ಇದ್ದಂತೆ. ನಿಮ್ಮ ಪೀಳಿಗೆಯ ಸಿಸ್ಟಮ್‌ಗಳಲ್ಲಿ ಅದಕ್ಕೆ ಬೇರೆ ಚಿಪ್ ಬೇಕಿಲ್ಲ, ಒಳಗೇ ಬಂದಿರುತ್ತದೆ. ಅಸೆಂಬಲ್ಡ್ ಸಿಸ್ಟಮ್‌ಗಳಲ್ಲಿ ಬಹಳ ಸಲ ಅದು ಆಫ್ ಆಗಿರುತ್ತದೆ, ಅಷ್ಟೇ. ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಡಿಲೀಟ್ ಅಥವಾ ಎಫ್2 ಕೀ ಒತ್ತುತ್ತಾ ಬಯಾಸ್‌ಗೆ, ಅಂದರೆ ವಿಂಡೋಸ್ ಏಳುವ ಮುಂಚಿನ ಸೆಟ್ಟಿಂಗ್ಸ್ ಪುಟಕ್ಕೆ, ಹೋಗಿ. ಇಂಟೆಲ್ ಬೋರ್ಡಿನಲ್ಲಿ ಇದರ ಹೆಸರು ಪಿಟಿಟಿ, ಎಎಂಡಿ ಬೋರ್ಡಿನಲ್ಲಿ ಎಫ್‌ಟಿಪಿಎಂ. ಅದನ್ನು ಎನೇಬಲ್ ಮಾಡಿ ಸೇವ್ ಮಾಡಿದರೆ ಮುಗಿಯಿತು.

ಇಲ್ಲಿ ಎರಡನೇ ತೊಡಕು ಒಂದಿದೆ. ವಿಂಡೋಸ್ 11ಕ್ಕೆ ಯುಇಎಫ್‌ಐ ಬೂಟ್, ಅಂದರೆ ಕಂಪ್ಯೂಟರ್ ಆನ್ ಆಗುವ ಹೊಸ ರೀತಿ, ಬೇಕು. ಹಳೆ ರೀತಿಯಲ್ಲಿ, ಅಂದರೆ ಲೆಗಸಿ ಮೋಡ್‌ನಲ್ಲಿ ವಿಂಡೋಸ್ ಹಾಕಿದ್ದರೆ ನಿಮ್ಮ ಡಿಸ್ಕ್‌ನ ವಿಭಾಗಗಳು ಎಂಬಿಆರ್ ಎಂಬ ಹಳೆ ಮಾದರಿಯಲ್ಲಿರುತ್ತವೆ. ಅದನ್ನು ಜಿಪಿಟಿ ಎಂಬ ಹೊಸ ಮಾದರಿಗೆ ಬದಲಿಸದೆ ಬಯಾಸ್‌ನಲ್ಲಿ ಯುಇಎಫ್‌ಐ ಆನ್ ಮಾಡಿದರೆ ವಿಂಡೋಸ್ ಏಳುವುದೇ ಇಲ್ಲ. ಹಾಗಾದರೆ ಹೆದರಬೇಡಿ, ಬಯಾಸ್‌ನಲ್ಲಿ ಮೊದಲಿದ್ದಂತೆ ಮಾಡಿದರೆ ಮತ್ತೆ ಏಳುತ್ತದೆ. ಡಿಸ್ಕ್ ಬದಲಿಸಲು ಫಾರ್ಮ್ಯಾಟ್ ಹೊಡೆಯಬೇಕಾಗಿಲ್ಲ. ವಿಂಡೋಸ್ 10ರಲ್ಲೇ ಎಂಬಿಆರ್‌ಟುಜಿಪಿಟಿ ಎಂಬ ಸಾಧನ ಇದೆ, ಡೇಟಾ ಅಳಿಸದೆ ಬದಲಿಸುತ್ತದೆ. ಇದನ್ನು ಗೊತ್ತಿರುವವರ ಕೈಯಲ್ಲಿ ಮಾಡಿಸಿ.

ಕೈ ಹಾಕುವ ಮುಂಚೆ ಟ್ಯಾಲಿ ಡೇಟಾದ ಬ್ಯಾಕಪ್ ಬೇರೆ ಪೆನ್‌ಡ್ರೈವ್‌ಗೆ ಅಥವಾ ಎಕ್ಸ್‌ಟರ್ನಲ್ ಡಿಸ್ಕ್‌ಗೆ ತೆಗೆಯಿರಿ. ತೆಗೆದದ್ದು ತೆರೆಯುತ್ತದಾ ಎಂದು ಇನ್ನೊಂದು ಕಂಪ್ಯೂಟರಿನಲ್ಲಿ ನೋಡಿ. ನಮ್ಮಲ್ಲಿ ಬಹಳ ಜನ ಡಿ ಡ್ರೈವ್‌ನಲ್ಲಿ ಒಂದು ಕಾಪಿ ಇಟ್ಟು ಬ್ಯಾಕಪ್ ಆಯಿತು ಅಂದುಕೊಳ್ಳುತ್ತಾರೆ. ಸಿ ಮತ್ತು ಡಿ ಎರಡೂ ಸಾಮಾನ್ಯವಾಗಿ ಒಂದೇ ಡಿಸ್ಕಿನ ಎರಡು ಭಾಗಗಳು. ಡಿಸ್ಕ್ ಕೆಟ್ಟರೆ ಎರಡೂ ಹೋಗುತ್ತವೆ. ಪೂರ್ತಿ ಫಾರ್ಮ್ಯಾಟ್ ಮಾಡಿಸುವುದಾದರೆ ಮೊದಲು ಟ್ಯಾಲಿ ಲೈಸೆನ್ಸ್ ಸರೆಂಡರ್ ಮಾಡಿ, ಆಮೇಲೆ ಹೊಸದಾಗಿ ಆಕ್ಟಿವೇಟ್ ಮಾಡಿಕೊಳ್ಳಿ. ತಿಂಗಳು ತಿಂಗಳು ಜಿಎಸ್‌ಟಿ ರಿಟರ್ನ್ ಹಾಕುವವರಾದರೆ 11 ಮತ್ತು 20ನೇ ತಾರೀಖಿನ ಗಡುವು ದಾಟಿದ ಮೇಲೆ ಈ ಕೆಲಸ ಇಟ್ಟುಕೊಳ್ಳಿ. ಮಾರ್ಚ್ ಕೊನೆಯಲ್ಲಂತೂ ಬೇಡವೇ ಬೇಡ.

ಪ್ರಶ್ನೆ: ನಾನು ವರ್ಷಾನುಗಟ್ಟಲೆ ನುಡಿಯಲ್ಲಿ ಟೈಪ್ ಮಾಡಿಟ್ಟ ಕಥೆ, ಲೇಖನ, ಪಾಠದ ಟಿಪ್ಪಣಿಗಳಿವೆ. ಹೊಸ ವಿಂಡೋಸ್ ಹಾಕಿದರೆ ಅವೆಲ್ಲ ಓದಲಾಗದೆ ಹೋಗುತ್ತವೆ ಎಂದು ಮಗ ಹೇಳುತ್ತಾನೆ. ನಿಜವೇ?
– ನಿವೃತ್ತ ಶಿಕ್ಷಕಿ, ತುಮಕೂರು

ಉತ್ತರ: ಮೇಡಂ, ಫೈಲ್‌ಗಳು ಎಲ್ಲಿಗೂ ಹೋಗುವುದಿಲ್ಲ. ಆದರೆ ನಿಮ್ಮ ಮಗನ ಮಾತಿನಲ್ಲೂ ಅರ್ಥ ಇದೆ. ಹಳೆ ನುಡಿ ಫೈಲ್‌ಗಳು ಯೂನಿಕೋಡ್‌ನಲ್ಲಿ, ಅಂದರೆ ಈಗ ಎಲ್ಲ ಸಾಧನಗಳೂ ಓದುವ ಅಕ್ಷರ ಸಂಕೇತದಲ್ಲಿ, ಇರುವುದಿಲ್ಲ. ಅವುಗಳ ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತ. ಅದರ ಮೇಲೆ ನುಡಿ ಫಾಂಟ್ ಕನ್ನಡದ ರೂಪ ತೋರಿಸುತ್ತದೆ. ಫಾರ್ಮ್ಯಾಟ್ ಆದ ಮೇಲೆ ಆ ಫಾಂಟ್ ಇಲ್ಲದಿದ್ದರೆ ನಿಮ್ಮ ಕಥೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಫಾಂಟ್ ಮತ್ತೆ ಹಾಕಿದರೆ ಕನ್ನಡ ಮರಳಿ ಬರುತ್ತದೆ.

ಈ ಸಂದರ್ಭವನ್ನು ಒಳ್ಳೆಯದಕ್ಕೇ ಬಳಸಿಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ. ಈಗಿರುವ ಕಂಪ್ಯೂಟರಿನಲ್ಲಿ, ಎಲ್ಲ ಸರಿಯಾಗಿ ಕಾಣುತ್ತಿರುವಾಗಲೇ, ಪ್ರತಿ ಮುಖ್ಯ ಫೈಲಿನ ಒಂದು ಪಿಡಿಎಫ್ ಮಾಡಿ. ಪಿಡಿಎಫ್ ಒಳಗೆ ಫಾಂಟ್ ಸೇರಿಕೊಳ್ಳುವುದರಿಂದ ಯಾವ ಕಂಪ್ಯೂಟರಿನಲ್ಲೂ, ಮೊಬೈಲಿನಲ್ಲೂ ಓದಬಹುದು. ವಿಂಡೋಸ್‌ನ ಫಾಂಟ್ಸ್ ಫೋಲ್ಡರಿನಿಂದ ನುಡಿ ಹೆಸರಿನ ಫಾಂಟ್‌ಗಳನ್ನೆಲ್ಲ ಕಾಪಿ ಮಾಡಿ ಪೆನ್‌ಡ್ರೈವ್‌ನಲ್ಲಿಡಿ. ಆಮೇಲೆ ನಿಧಾನವಾಗಿ ಒಂದೊಂದೇ ಫೈಲನ್ನು ಯೂನಿಕೋಡ್‌ಗೆ ಪರಿವರ್ತಿಸಿ. ನುಡಿ, ಬರಹ ಎರಡೂ ಸಾಫ್ಟ್‌ವೇರ್‌ಗಳಲ್ಲಿ ಅದಕ್ಕೆ ಪರಿವರ್ತಕ ಇದೆ. ಪರಿವರ್ತಿಸಿದ ಮೇಲೆ ಒಮ್ಮೆ ಓದಿ ನೋಡಲೇಬೇಕು. ಅರ್ಕಾವತ್ತು, ಒತ್ತಕ್ಷರ, ಇಂಗ್ಲಿಷ್ ಪದ ಬೆರೆತ ಸಾಲು ಇವುಗಳಲ್ಲಿ ತಪ್ಪು ನುಸುಳುವುದುಂಟು. ಅದು ಬೇಸರದ ಕೆಲಸ, ಗೊತ್ತು. ಆದರೆ ಯೂನಿಕೋಡ್ ಆದ ಬರಹವನ್ನು ಹುಡುಕಬಹುದು, ವಾಟ್ಸಾಪ್‌ನಲ್ಲಿ ಕಳಿಸಬಹುದು, ನಿಮ್ಮ ಮೊಮ್ಮಕ್ಕಳು ಯಾವ ಸಾಧನದಲ್ಲಿ ಬೇಕಾದರೂ ಓದಬಹುದು.

ಟೈಪ್ ಮಾಡಲು ವಿಂಡೋಸ್‌ನಲ್ಲೇ ಕನ್ನಡ ಇದೆ. ಸೆಟ್ಟಿಂಗ್ಸ್‌ನಲ್ಲಿ ಭಾಷೆ ಸೇರಿಸುವ ಕಡೆ ಕನ್ನಡ ಆರಿಸಿ. ಇನ್‌ಸ್ಕ್ರಿಪ್ಟ್ ಜತೆಗೆ ಫೊನೆಟಿಕ್ ಕೀಬೋರ್ಡ್ ಕೂಡ ಸಿಗುತ್ತದೆ. ನುಡಿಯ ಕೀಲಿಮಣೆಗೇ ಕೈ ಕುಳಿತಿದ್ದರೆ ನುಡಿಯನ್ನೇ ಹಾಕಿಕೊಂಡು ಅದರ ಯೂನಿಕೋಡ್ ಮೋಡ್‌ನಲ್ಲಿ ಟೈಪ್ ಮಾಡಿ. ಹಳೆ ಯೂನಿಕೋಡ್ ಫೈಲ್‌ನಲ್ಲಿ ತುಂಗಾ ಫಾಂಟ್ ಕಾಣಿಸದಿದ್ದರೆ, ಸೆಟ್ಟಿಂಗ್ಸ್‌ನ ಆಪ್ಷನಲ್ ಫೀಚರ್ಸ್‌ನಲ್ಲಿ ಕನ್ನಡದ ಹೆಚ್ಚುವರಿ ಫಾಂಟ್‌ಗಳನ್ನು ಸೇರಿಸಿಕೊಳ್ಳಿ. ಅದರಲ್ಲಿ ತುಂಗಾ ಬರುತ್ತದೆ.

ಪ್ರಶ್ನೆ: ನಮ್ಮೂರಲ್ಲಿ ಮೊಬೈಲ್ ಹಾಟ್‌ಸ್ಪಾಟ್ ಬಿಟ್ಟರೆ ಬೇರೆ ನೆಟ್ ಇಲ್ಲ. ಮಳೆಗಾಲದಲ್ಲಿ ಕರೆಂಟೂ ನೆಚ್ಚುವ ಹಾಗಿಲ್ಲ. ಅಪ್‌ಗ್ರೇಡ್ ಹೇಗೆ ಮಾಡಲಿ?
– ಕೃಷಿಕ, ಕೊಪ್ಪ

ಉತ್ತರ: ಹಾಟ್‌ಸ್ಪಾಟ್‌ನಲ್ಲಿ ಮಾಡಬೇಡಿ. ವಿಂಡೋಸ್ 11ರ ಡೌನ್‌ಲೋಡ್ 5 ಜಿಬಿಗಿಂತ ದೊಡ್ಡದು, ದಿನದ ಪ್ಯಾಕ್ ಮಧ್ಯದಲ್ಲೇ ಮುಗಿಯುತ್ತದೆ. ಪೇಟೆಯಲ್ಲಿ ಒಳ್ಳೆ ಇಂಟರ್ನೆಟ್ ಇರುವ ನೆಂಟರ ಮನೆಯಲ್ಲಿ, ಮೈಕ್ರೋಸಾಫ್ಟ್‌ನದೇ ಮೀಡಿಯಾ ಕ್ರಿಯೇಷನ್ ಟೂಲ್ ಬಳಸಿ 8 ಜಿಬಿ ಅಥವಾ ದೊಡ್ಡ ಪೆನ್‌ಡ್ರೈವ್‌ಗೆ ಇಳಿಸಿಕೊಂಡು ಬನ್ನಿ. ಆ ಪೆನ್‌ಡ್ರೈವ್‌ನಲ್ಲಿ ಮೊದಲಿದ್ದದ್ದೆಲ್ಲ ಅಳಿಸಿಹೋಗುತ್ತದೆ, ಖಾಲಿ ಇರುವುದನ್ನೇ ಕೊಡಿ. ಊರಿಗೆ ಬಂದು ನಿಮ್ಮ ವಿಂಡೋಸ್ 10 ಆನ್ ಇರುವಾಗಲೇ ಅದರಲ್ಲಿನ ಸೆಟಪ್ ಓಡಿಸಿ, ಫೈಲ್ ಮತ್ತು ಆ್ಯಪ್‌ಗಳನ್ನು ಉಳಿಸಿಕೊಳ್ಳುವ ಆಯ್ಕೆ ಇಟ್ಟುಕೊಳ್ಳಿ. ಲ್ಯಾಪ್‌ಟಾಪ್ ಆದರೆ ಬ್ಯಾಟರಿ ಪೂರ್ತಿ ತುಂಬಿಸಿ, ಚಾರ್ಜರ್ ಹಾಕಿಯೇ ಶುರು ಮಾಡಿ. ಡೆಸ್ಕ್‌ಟಾಪ್ ಆದರೆ ಇನ್ವರ್ಟರ್‌ಗೆ ಸೇರಿಸಿ. ಯುಪಿಎಸ್‌ನ ಹಳೆ ಬ್ಯಾಟರಿ ನಂಬಿ ಕೂರಬೇಡಿ.

ಪ್ರಶ್ನೆ: ಮನೆಯಲ್ಲಿ 4 ಜಿಬಿ ರ‍್ಯಾಮ್‌ನ ಹಳೆ ಡೆಸ್ಕ್‌ಟಾಪ್ ಇದೆ. ಲಿನಕ್ಸ್ ಹಾಕೋಣ ಅಂತ ಆಸೆ. ಅಪ್ಪನಿಗೆ ಕನ್ನಡ ಟೈಪಿಂಗ್ ಬೇಕು. ಸಾಧ್ಯವಾ?
– ಪದವಿ ವಿದ್ಯಾರ್ಥಿ, ಮೈಸೂರು

ಉತ್ತರ: ಖಂಡಿತ ಸಾಧ್ಯ. ವಿಂಡೋಸ್ ಬದಲಿಗೆ ಹಾಕಬಹುದಾದ ಲಿನಕ್ಸ್‌ನಲ್ಲಿ ಹಲವು ಬಗೆ ಇವೆ, ವಿಂಡೋಸ್ ಅಭ್ಯಾಸ ಇರುವವರಿಗೆ ಅದರಲ್ಲಿ ಲಿನಕ್ಸ್ ಮಿಂಟ್ ಸುಲಭ. ಕೆಳಗೆ ಟಾಸ್ಕ್‌ಬಾರ್, ಎಡಮೂಲೆಯಲ್ಲಿ ಮೆನು, ಅಪ್ಪನಿಗೆ ಹೊಸದು ಅನ್ನಿಸುವುದಿಲ್ಲ. ಇದಕ್ಕೆ 2 ಜಿಬಿ ರ‍್ಯಾಮ್ ಕನಿಷ್ಠ, ಆರಾಮಾಗಿ ಓಡಲು 4 ಜಿಬಿ. ಮಿಂಟ್ 22ರ ಸರಣಿಗೆ 2029ರವರೆಗೆ ಅಪ್‌ಡೇಟ್ ಸಿಗುತ್ತದೆ, ಅದೂ ಉಚಿತವಾಗಿ. ಮೊದಲೇ ಇನ್‌ಸ್ಟಾಲ್ ಮಾಡಬೇಡ. ಪೆನ್‌ಡ್ರೈವ್‌ನಿಂದಲೇ ಬೂಟ್ ಮಾಡಿದರೆ ಹಾರ್ಡ್ ಡಿಸ್ಕ್ ಮುಟ್ಟದೆ ಓಡಿಸಿ ನೋಡಬಹುದು. ವೈಫೈ, ಸೌಂಡ್, ಪ್ರಿಂಟರ್ ಎಲ್ಲ ಕೆಲಸ ಮಾಡುತ್ತವಾ ಅಂತ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡೇ ನೋಡು.

ಕನ್ನಡ ಟೈಪಿಂಗ್‌ಗೆ ಐಬಸ್ ಎಂಬ ಸಾಫ್ಟ್‌ವೇರ್ ಮತ್ತು ಅದರ ಎಂ17ಎನ್ ಪ್ಯಾಕೇಜ್ ಹಾಕು. ಅದರಲ್ಲಿ ಕೆಜಿಪಿ ಎಂಬ ವಿನ್ಯಾಸ ಇದೆ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ಅದು, ನುಡಿಯಲ್ಲಿ ಟೈಪ್ ಮಾಡಿದವರಿಗೆ ಕೈ ತಾನಾಗಿ ಓಡುತ್ತದೆ. ಪತ್ರ ಬರೆಯಲು ಲಿಬ್ರೆಆಫೀಸ್ ಜತೆಗೇ ಬರುತ್ತದೆ. ಗುಬ್ಬಿ, ನವಿಲು ಎಂಬ ಕನ್ನಡ ಫಾಂಟ್‌ಗಳೂ ಇವೆ.

ಆದರೆ ಅಪ್ಪ ಟ್ಯಾಲಿ ಬಳಸುತ್ತಾರಾದರೆ, ಅಥವಾ ಯುಎಸ್‌ಬಿ ಟೋಕನ್ ಚುಚ್ಚಿ ಡಿಜಿಟಲ್ ಸಹಿ ಹಾಕುತ್ತಾರಾದರೆ ಲಿನಕ್ಸ್ ಬೇಡ. ಟ್ಯಾಲಿ ವಿಂಡೋಸ್‌ಗೆಂದೇ ಮಾಡಿದ ಸಾಫ್ಟ್‌ವೇರ್. ಟೋಕನ್‌ಗಳನ್ನು ಲಿನಕ್ಸ್‌ನಲ್ಲಿ ಓಡಿಸುವುದು ತಲೆನೋವು. ಹಳೆ ಲೇಸರ್ ಪ್ರಿಂಟರ್‌ಗಳಲ್ಲೂ ಕೆಲವು ಸತಾಯಿಸುತ್ತವೆ.

ಪ್ರಶ್ನೆ: ನಿಮ್ಮ ವಿಂಡೋಸ್ ಅವಧಿ ಮುಗಿದಿದೆ, ನಾವು ಮೈಕ್ರೋಸಾಫ್ಟ್‌ನವರು, ಸರಿ ಮಾಡಿಕೊಡುತ್ತೇವೆ ಎಂದು ಫೋನ್ ಬಂತು. ಏನೋ ಒಂದು ಆ್ಯಪ್ ಹಾಕಿಕೊಳ್ಳಲು ಹೇಳಿದರು. ನಂಬಬಹುದಾ?
– ಗೃಹಿಣಿ, ದಾವಣಗೆರೆ

ಉತ್ತರ: ನಂಬಬೇಡಿ ಅಮ್ಮ. ಮೈಕ್ರೋಸಾಫ್ಟ್ ಯಾರಿಗೂ ಹೀಗೆ ತಾನಾಗಿ ಫೋನ್ ಮಾಡುವುದಿಲ್ಲ. ಆ ಆ್ಯಪ್ ಹಾಕಿಕೊಂಡರೆ ನಿಮ್ಮ ಕಂಪ್ಯೂಟರ್ ಅವರ ಕೈಗೆ ಹೋಗುತ್ತದೆ. ಹಾಕಿಕೊಂಡಿದ್ದರೆ ಈಗಲೇ ಇಂಟರ್ನೆಟ್ ತೆಗೆದು ಆ್ಯಪ್ ಅಳಿಸಿ, ಬೇರೆ ಫೋನಿನಿಂದ ಬ್ಯಾಂಕ್ ಪಾಸ್‌ವರ್ಡ್ ಬದಲಿಸಿ. ದುಡ್ಡು ಹೋಗಿದ್ದರೆ ಒಂದು ನಿಮಿಷವೂ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಬೇಗ ಹೇಳಿದಷ್ಟೂ ದುಡ್ಡು ತಡೆಹಿಡಿಯುವ ಅವಕಾಶ ಜಾಸ್ತಿ.

ಪ್ರಶ್ನೆ: ವಿಂಡೋಸ್ 11 ಹಾಕಿದ ಮೇಲೆ ಇಷ್ಟವಾಗದಿದ್ದರೆ 10ಕ್ಕೆ ಮರಳಬಹುದಾ?
– ಛಾಯಾಗ್ರಾಹಕ, ಉಡುಪಿ

ಉತ್ತರ: 10 ದಿನದ ಒಳಗೆ ಮರಳಬಹುದು. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರೊಳಗೆ ರಿಕವರಿ, ಅಲ್ಲಿ ಗೋ ಬ್ಯಾಕ್ ಇದೆ. ಹಳೆ ವಿಂಡೋಸ್ ಅಷ್ಟು ದಿನ ವಿಂಡೋಸ್ ಓಲ್ಡ್ ಎಂಬ ಫೋಲ್ಡರಿನಲ್ಲಿರುತ್ತದೆ. ಜಾಗ ಸಾಲದು ಎಂದು ಅದನ್ನು ಅಳಿಸಿದರೆ ಮರಳುವ ದಾರಿ ಮುಚ್ಚುತ್ತದೆ. ಹಾಗಾಗಿ ಮೊದಲ ವಾರದಲ್ಲೇ ನಿಮ್ಮ ಫೋಟೊ ಪ್ರಿಂಟರ್, ಕಾರ್ಡ್ ರೀಡರ್, ಮಾನಿಟರಿನ ಬಣ್ಣ, ಎಡಿಟಿಂಗ್ ಸಾಫ್ಟ್‌ವೇರ್ ಎಲ್ಲವನ್ನೂ ಒಂದೊಂದು ನಿಜವಾದ ಕೆಲಸ ಕೊಟ್ಟು ನೋಡಿಬಿಡಿ. ಮದುವೆ ಸೀಸನ್‌ನ ಆರ್ಡರ್ ಕೈಯಲ್ಲಿರುವಾಗ ಮಾತ್ರ ಇದಕ್ಕೆ ಕೈ ಹಾಕಬೇಡಿ.